ಬಸವನಗುಡಿಯವರ ಮೊದಲ ದ್ವೀಪ

ಗಾಂಧಿ ಬಜಾರಿನಲ್ಲಿ ಇವತ್ತು ಮಾಲ್ಡೀವ್ಸ್ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮದುವೆ ಆಯ್ತಾ, ಹನಿಮೂನಿಗೆ ಮಾಲ್ಡೀವ್ಸೋ ಅಂಡಮಾನೋ, ಅಷ್ಟೇ ಪ್ರಶ್ನೆ. ಆದರೆ ನೂರು ವರ್ಷದ ಹಿಂದೆಯೂ ಈ ಬೀದಿಗಳ ಜನಕ್ಕೆ ಒಂದು ದ್ವೀಪ ಚೆನ್ನಾಗಿ ಗೊತ್ತಿತ್ತು. ರಾಮೇಶ್ವರ.

ಹಳೇ ಮೈಸೂರು ಸಂಸ್ಥಾನಕ್ಕೆ ಸಮುದ್ರವೇ ಇರಲಿಲ್ಲ ನೋಡಿ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ ತಲೆಯೆತ್ತಿದವು. ಆಗ ಮಂಗಳೂರು ಮದರಾಸು ಪ್ರಾಂತ್ಯದಲ್ಲಿತ್ತು, ಗೋಕರ್ಣ ಮುಂಬಯಿ ಪ್ರಾಂತ್ಯದಲ್ಲಿ. ಕರಾವಳಿ ನಮ್ಮ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ರೈಲು ಬಂದಿದ್ದು ಇನ್ನೂ ತಡವಾಗಿ, 1979ರಲ್ಲಿ. ಮದರಾಸಿನ ಕಡೆಯಿಂದಾದರೋ 1864ರಲ್ಲೇ ರೈಲು ದಂಡಿಗೆ ಬಂದಿತ್ತು. ಹಾಗಾಗಿ ಬೆಂಗಳೂರಿನವರ ಸಮುದ್ರ ಇದ್ದದ್ದು ಪೂರ್ವಕ್ಕೆ.

ಅಲ್ಲಿಗೆ ಹೋಗಿ ಆಟ ಆಡೋದಂತೂ ಇಲ್ಲ. ಪರ್ವಕಾಲ ಬಿಟ್ಟರೆ ಸಮುದ್ರವನ್ನು ಮುಟ್ಟಲೇಬಾರದು ಅನ್ನುವುದು ಸಂಪ್ರದಾಯಸ್ಥರ ಮನೆಗಳ ನಿಯಮ. ಹಡಗು ಹತ್ತಿ ವಿಲಾಯತಿಗೆ ಹೋಗಿಬಂದರೆ ಪ್ರಾಯಶ್ಚಿತ್ತ. ರಾಮೇಶ್ವರಕ್ಕೆ ಮಾತ್ರ ಎರಡರಿಂದಲೂ ವಿನಾಯಿತಿ! ಸುತ್ತ ನೀರಿದ್ದರೂ ಅದು ಕಡಲು ದಾಟಿದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸೇತುಸ್ನಾನಕ್ಕೆ ದಿನ ನೋಡಬೇಕಾಗಿಯೂ ಇರಲಿಲ್ಲ.

1914ರಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಪಂಬನ್ ಸೇತುವೆ ತೆರೆದ ಮೇಲೆ ದೋಣಿಯ ಫಜೀತಿಯೂ ತಪ್ಪಿತು. ಮದರಾಸಿನ ಎಗ್ಮೋರಿನಲ್ಲಿ ಬೋಟ್ ಮೇಲ್ ಹತ್ತಿದರೆ ಧನುಷ್ಕೋಡಿ. ಅಲ್ಲಿಂದ ಸ್ಟೀಮರಿನಲ್ಲಿ ಸಿಲೋನಿನ ತಲೈಮನ್ನಾರ್. ಎಗ್ಮೋರಿನಲ್ಲೇ ಕೊಲಂಬೊವರೆಗೂ ಟಿಕೆಟ್ ಸಿಗುತ್ತಿತ್ತು. ನಮ್ಮ ಯಾತ್ರಿಕರು ಸ್ಟೀಮರಿನ ತಂಟೆಗೆ ಹೋಗದೆ ಸಂಕಲ್ಪ ಹೇಳಿ ಕಡಲಲ್ಲಿ ಮುಳುಗಿ, ಗುಡಿಯೊಳಗಿನ 22 ತೀರ್ಥಗಳಲ್ಲಿ ನೆಂದು, ಕಾಶಿಯಾತ್ರೆಯ ಹರಕೆಯಿದ್ದವರು ಅಲ್ಲಿನ ಮರಳನ್ನು ಗಂಟು ಕಟ್ಟಿಕೊಳ್ಳುತ್ತಿದ್ದರು. ಅದನ್ನು ಪ್ರಯಾಗದಲ್ಲಿ ಬಿಟ್ಟು, ಗಂಗೆ ತಂದು ರಾಮನಾಥನಿಗೆ ಎರೆದರೆ ಯಾತ್ರೆ ಪೂರ್ತಿ. ನಮಗೆ ಬೀಚಿನ ಮರಳು ಬರುವುದು ಶೂ ಒಳಗೆ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ರೈಲನ್ನು, ಒಳಗಿದ್ದ ನೂರಕ್ಕೂ ಹೆಚ್ಚು ಜನರ ಸಮೇತ, ಅಲೆ ನುಂಗಿತು. ಊರೇ ಹೋಯಿತು. ಅದು ವಾಸಕ್ಕೆ ತಕ್ಕದ್ದಲ್ಲ ಎಂದು ಸರ್ಕಾರ ಘೋಷಿಸಿತು. ಮುರಿದ ಪಂಬನ್ ಸೇತುವೆಯನ್ನು 46 ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದವರು ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್. ಹೌದು, ಮುಂದೆ ಕೊಂಕಣ ರೈಲ್ವೆ ಕಟ್ಟಿಸಿದವರು ಅವರೇ. ವೀಕೆಂಡಿಗೆ ನೀವು ರೈಲಲ್ಲಿ ಗೋಕರ್ಣಕ್ಕೆ ಹೋಗಿದ್ದರೆ ಅವರ ಹಳಿ ಮೇಲೆ ಹೋಗಿದ್ದೀರಿ.

ಇತ್ತ 1972ರಲ್ಲಿ ಮಾಲ್ಡೀವ್ಸಿನಲ್ಲಿ ಕುರುಂಬಾ ಎಂಬ ಮೊದಲ ರಿಸಾರ್ಟ್ ಶುರುವಾಯಿತು. ಅಲ್ಲಿ ಬೆಳೆದ ಪದ್ಧತಿ, ಜನವಸತಿ ಇಲ್ಲದ ಒಂದು ದ್ವೀಪಕ್ಕೆ ಒಂದು ರಿಸಾರ್ಟ್. ಊರಿನವರಿರುವ ದ್ವೀಪಗಳಲ್ಲಿ ಪ್ರವಾಸಿಗರು ತಂಗುವುದಕ್ಕೆ ಬಹುಕಾಲ ನಿರ್ಬಂಧವಿತ್ತು. ಬದಲಾದದ್ದು 2009ರ ನಂತರ. ಅಂದರೆ ಖಾಲಿ ದ್ವೀಪವೇ ಅಲ್ಲಿಯ ಸರಕು. ಯಾತ್ರಿಕರೇನೂ ಸಂತರಲ್ಲ, ಪುಣ್ಯದ ಅವಸರದಲ್ಲಿ ಅವರಿಗೂ ಊರು ಪೂರ್ತಿ ಕಂಡಿರಲಾರದು. ಆದರೂ ಪಂಡಾಗಳ ಮನೆಯಲ್ಲೋ ಛತ್ರದಲ್ಲೋ ಇಳಿದು, ದಕ್ಷಿಣೆಗೆ ಚೌಕಾಸಿ ಮಾಡಿ, ದ್ವೀಪದವರ ಜೊತೆ ಒಂದಿಷ್ಟು ಜಗಳವನ್ನಾದರೂ ಆಡುತ್ತಿದ್ದರು. ರಿಸಾರ್ಟಿನಲ್ಲಿ ಆ ಜಗಳಕ್ಕೂ ಜನ ಇಲ್ಲ.

ಧನುಷ್ಕೋಡಿಯ ತುದಿಯವರೆಗೂ 2017ರಲ್ಲಿ ರಸ್ತೆಯಾಯಿತು. ಮುರಿದ ಚರ್ಚಿನ ಗೋಡೆಯ ಮುಂದೆ ಫೋಟೋಗೆ ಸಾಲು. ‘ದೆವ್ವದ ಊರು’ ಅಂತ ಕ್ಯಾಪ್ಷನ್ ಹಾಕುತ್ತಾರೆ. ಪಕ್ಕದ ಗುಡಿಸಲುಗಳಲ್ಲಿ ಮೀನುಗಾರರು ಈಗಲೂ ಇದ್ದಾರೆ. ಫೋಟೋ ಮುಗಿಸಿ ಬಂದವರಿಗೆ ಚಿಪ್ಪಿನ ಸರ, ಕರಿದ ಮೀನು ಮಾರುವವರು ಅವರೇ.