ಕರಡಿ ಕೂದಲಿನ ತಾಯತ ಕಟ್ಟಿದರೆ ಮಕ್ಕಳ ಭಯ ಹೋಗುತ್ತದೆಯೇ?

ಕೆಲವು ದಶಕಗಳ ಹಿಂದೆ ನಮ್ಮ ಊರುಗಳಿಗೆ ಕರಡಿ ಆಡಿಸುವವರು ಬರುತ್ತಿದ್ದರು. ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಕೂದಲಿನ ತಾಯತ ಕಟ್ಟಿಸುತ್ತಿದ್ದರು. ಇದರಲ್ಲಿ ಎಷ್ಟು ನಿಜ? ಆ ಕರಡಿಗಳು ಈಗೇಕೆ ಕಾಣುವುದಿಲ್ಲ? ನೋಡೋಣ.

ತಾಯತದಲ್ಲಿ ಏನಿದೆ?

ಕರಡಿಯ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ತಲೆಗೂದಲು, ಉಗುರು ಕೂಡ ಅದರಿಂದಲೇ ಆಗಿವೆ. ಅದಕ್ಕೆ ಭಯ ಕಳೆಯುವ ಗುಣವಿಲ್ಲ. ಚಿಕ್ಕ ಮಕ್ಕಳ ರಾತ್ರಿಯ ಹೆದರಿಕೆ ಸಾಮಾನ್ಯವಾಗಿ ಬೆಳೆಯುತ್ತಾ ತಾನಾಗಿಯೇ ಕಡಿಮೆಯಾಗುತ್ತದೆ. ಹೆಸರು ಮಾತ್ರ ತಾಯತಕ್ಕೆ ಬರುತ್ತದೆ.

ಕರಡಿ ನಿಜವಾಗಿ ಕುಣಿಯುತ್ತಿತ್ತೇ?

ಇಲ್ಲ. ಕಾಡಿನಲ್ಲಿ ತಾಯಿಯಿಂದ ಅಗಲಿಸಿ ತಂದ ಮರಿಯ ಮೂತಿಯನ್ನು ಕಾಯಿಸಿದ ಸೂಜಿಯಿಂದ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಹಲ್ಲು ಮುರಿಯುತ್ತಿದ್ದರು. ಹಗ್ಗ ಎಳೆದಾಗ ನೋವು ತಾಳಲಾರದೆ ಅದು ಎದ್ದು ನಿಂತು ಕಾಲು ಎತ್ತುತ್ತಿತ್ತು. ನಾವು ಚಪ್ಪಾಳೆ ತಟ್ಟಿದ್ದು ಆ ನೋವಿಗೆ.

ಕಾನೂನು ಇದ್ದರೂ ಏಕೆ ನಿಲ್ಲಲಿಲ್ಲ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕರಡಿ ಹಿಡಿಯುವುದನ್ನು ತಡೆಯುತ್ತದೆ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ ಪ್ರದರ್ಶನವನ್ನೂ ನಿಷೇಧಿಸಿತು. ಆದರೆ ಕಲಂದರ್ ಸಮುದಾಯಕ್ಕೆ ಇದು ತಲೆಮಾರುಗಳ ಹೊಟ್ಟೆಪಾಡು. ಕರಡಿಯನ್ನಷ್ಟೇ ಕಸಿದುಕೊಂಡರೆ ಆ ಮನೆಯ ಒಲೆ ಆರುತ್ತದೆ, ಮತ್ತೊಂದು ಮರಿಗೆ ಹುಡುಕಾಟ ಶುರುವಾಗುತ್ತದೆ.

ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ 1995ರಲ್ಲಿ ಸ್ಥಾಪಿಸಿದ ‘ವೈಲ್ಡ್‌ಲೈಫ್ ಎಸ್‌ಒಎಸ್’ ಸಂಸ್ಥೆ ಹಿಡಿದ ದಾರಿ ಬೇರೆ. ಕರಡಿ ಒಪ್ಪಿಸಿದ ಕುಟುಂಬಕ್ಕೆ ಹೊಸ ಕಸುಬಿಗೆ ಹಣ, ಮಕ್ಕಳಿಗೆ ಶಾಲೆ, ಹೆಂಗಸರಿಗೆ ದುಡಿಮೆಯ ತರಬೇತಿ ಕೊಟ್ಟಿತು. ಅರಣ್ಯ ಇಲಾಖೆಗಳ ಜೊತೆ ಸೇರಿ 2002ರಿಂದ 600ಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಹೆಸರಾದ ‘ರಾಜು’ 2009ರ ಡಿಸೆಂಬರಿನಲ್ಲಿ ನಮ್ಮ ಬನ್ನೇರುಘಟ್ಟದ ಕೇಂದ್ರಕ್ಕೆ ಬಂದ.

ಅವನ್ನು ಕಾಡಿಗೆ ಬಿಡಬಹುದಲ್ಲವೇ?

ಸಾಧ್ಯವಿಲ್ಲ. ಗೆದ್ದಲು ಹುತ್ತ ಅಗೆಯುವುದನ್ನು, ಜೇನು ಹುಡುಕುವುದನ್ನು ಮರಿ ತಾಯಿಯ ಜೊತೆ ಓಡಾಡಿ ಕಲಿಯಬೇಕು. ಇವಕ್ಕೆ ಆ ಪಾಠವೂ ಸಿಗಲಿಲ್ಲ, ಹಲ್ಲೂ ಇಲ್ಲ. ಹಾಗಾಗಿ ಆಗ್ರಾ, ಬನ್ನೇರುಘಟ್ಟದಂಥ ಕೇಂದ್ರಗಳಲ್ಲಿ ಗಂಜಿ, ಹಣ್ಣು ಕೊಟ್ಟು ಬದುಕಿರುವವರೆಗೂ ಸಾಕುತ್ತಾರೆ.

ಇನ್ನು ಮುಂದೆ ಜಾತ್ರೆಯಲ್ಲಿ ಯಾರಾದರೂ ಕರಡಿ ಕೂದಲು, ಉಗುರು ಮಾರುತ್ತಿದ್ದರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಮಗು ಹೆದರಿದರೆ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಹೆದರಿಕೆ ಹೆಚ್ಚು ದಿನ ಉಳಿದರೆ ವೈದ್ಯರಿಗೆ ತೋರಿಸಿ.