ಹತ್ತು ರೂಪಾಯಿ ಇಲ್ಲದ ಇಮೇಲ್

ಸರ್ಕಾರಿ ಕಚೇರಿಯೊಂದಕ್ಕೆ ನೀವು ಎರಡು ಸಾಲಿನ ಇಮೇಲ್ ಕಳಿಸ್ತೀರಿ ಅಂದ್ಕೊಳ್ಳಿ. ನಮ್ಮ ರಸ್ತೆ ಕಾಮಗಾರಿಗೆ ಎಷ್ಟು ಖರ್ಚಾಯ್ತು, ಬಿಲ್ಲಿನ ಪ್ರತಿ ಕೊಡಿ, ಅಷ್ಟೇ. ಕಾಯ್ದೆಯ ಹೆಸರಿಲ್ಲ, ನಮೂನೆ ಇಲ್ಲ. ಇದು ಮಾಹಿತಿ ಹಕ್ಕಿನ ಅರ್ಜಿಯೋ, ಬರೀ ಪತ್ರವೋ?

ಬ್ರಿಟನ್ನಿನಲ್ಲಾದರೆ ಅರ್ಜಿಯೇ. ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 2000ರಲ್ಲಿ ಅಂಗೀಕಾರವಾಗಿ, 2005ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂತು. ಅದರ 8ನೇ ಸೆಕ್ಷನ್ ಕೇಳೋದು ಇಷ್ಟೇ: ಬರವಣಿಗೆಯಲ್ಲಿರಬೇಕು, ಹೆಸರು ಮತ್ತು ಉತ್ತರ ಕಳಿಸೋಕೆ ವಿಳಾಸ ಇರಬೇಕು, ಏನು ಬೇಕು ಅಂತ ಹೇಳಿರಬೇಕು. ಇಮೇಲ್ ಕೂಡ ಬರವಣಿಗೆಯೇ, ಇಮೇಲ್ ವಿಳಾಸವೂ ವಿಳಾಸವೇ. ಅರ್ಜಿ ಶುಲ್ಕ ಇಲ್ಲ. 20 ಕೆಲಸದ ದಿನಗಳ ಗಡುವು ಶುರುವಾಗುತ್ತೆ. ಪರಿಸರದ ಮಾಹಿತಿಯಾದರೆ 2004ರ ನಿಯಮಗಳ ಪ್ರಕಾರ ಬಾಯಲ್ಲಿ ಕೇಳಿದರೂ ಸಾಕು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಈ ಹಕ್ಕಿನ ಬೇರು ಹಳ್ಳಿಯ ಕೂಲಿ ಲೆಕ್ಕದಲ್ಲಿದೆ. 1990ರಲ್ಲಿ ರಾಜಸ್ಥಾನದಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹಾಜರಿ ಪಟ್ಟಿ, ಬಿಲ್ಲು, ವೋಚರ್ ತೋರಿಸಿ ಅಂತ ಕೇಳ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ನಡೀತು. ಕರ್ನಾಟಕ 2000ರಲ್ಲೇ ತನ್ನದೇ ಕಾಯ್ದೆ ಮಾಡ್ತು. ಇಡೀ ದೇಶದ ಕಾಯ್ದೆ ಪೂರ್ಣವಾಗಿ ಜಾರಿಯಾದದ್ದು 2005ರ ಅಕ್ಟೋಬರ್ 12ರಂದು.

ಆ ಹೋರಾಟದ ನೆನಪು 6ನೇ ಸೆಕ್ಷನ್ನಿನಲ್ಲಿ ಇದೆ ಅನ್ನಿಸುತ್ತೆ ನನಗೆ. ಕನ್ನಡದಲ್ಲೇ ಕೇಳಬಹುದು. ಯಾಕೆ ಬೇಕು ಅಂತ ಹೇಳಬೇಕಿಲ್ಲ. ಬರೆಯೋಕೆ ಆಗದವರು ಬಾಯಲ್ಲಿ ಹೇಳಿದರೆ, ಅದನ್ನ ಬರವಣಿಗೆಗೆ ಇಳಿಸೋಕೆ ಅಧಿಕಾರಿಯೇ ನೆರವಾಗಬೇಕು. ವಿದ್ಯುನ್ಮಾನ ಮಾರ್ಗದಲ್ಲೂ ಕೇಳಬಹುದು ಅಂತ ಸ್ಪಷ್ಟವಾಗಿದೆ. ಅಂದರೆ ಇಮೇಲಿಗೆ ಬಾಗಿಲು ತೆರೆದಿದೆ.

ಆದರೆ ಅದೇ ಸೆಕ್ಷನ್ ಶುಲ್ಕವನ್ನೂ ಕೇಳುತ್ತೆ. ಕೇಂದ್ರದಲ್ಲೂ ಕರ್ನಾಟಕದಲ್ಲೂ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ. ಇಮೇಲಿಗೆ ಪೋಸ್ಟಲ್ ಆರ್ಡರ್ ಅಂಟಿಸೋದು ಹೇಗೆ? ಶುಲ್ಕ ಇಲ್ಲದ ಇಮೇಲನ್ನ ಕಚೇರಿ ಅರ್ಜಿ ಅಂತ ಒಪ್ಪಲ್ಲ. 30 ದಿನದ ಗಡುವು ಶುರುವಾಗಲ್ಲ. ಉತ್ತರ ಬರದಿದ್ದರೆ 19ನೇ ಸೆಕ್ಷನ್ನಿನ ಮೇಲ್ಮನವಿಗೂ ಆಧಾರ ಸಿಗಲ್ಲ. ಮೌನಕ್ಕೆ ಯಾರೂ ಹೊಣೆಯಲ್ಲ. ನಷ್ಟ ಹತ್ತು ರೂಪಾಯಿಯದ್ದಲ್ಲ, ಇದೇ.

ಈ ಗಂಟು ಬಿಚ್ಚೋಕೆ ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್ 2013ರಲ್ಲಿ ಬಂತು. ಹಣ ಅಲ್ಲೇ ಕಟ್ಟಬಹುದು. ಕರ್ನಾಟಕಕ್ಕೂ ಈಗ ಪೋರ್ಟಲ್ ಇದೆ. ಆದರೆ ರಾಜ್ಯದಲ್ಲಿ 2008ರ ನಿಯಮವೊಂದನ್ನ ಗಮನಿಸಬೇಕು: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು.

ಹಾಗಾಗಿ ಮೊದಲು ಇಮೇಲಿನಲ್ಲಿ ಕೇಳಿ, ತಪ್ಪೇನಿಲ್ಲ. ಎಷ್ಟೋ ಸಲ ಒಳ್ಳೆಯ ಅಧಿಕಾರಿ ಹಾಗೇ ಕೊಟ್ಟುಬಿಡ್ತಾರೆ. ಉತ್ತರ ಬರದಿದ್ದರೆ ಕಾಯ್ತಾ ಕೂರಬೇಡಿ. ಅದೇ ಎರಡು ಸಾಲನ್ನ ಹತ್ತು ರೂಪಾಯಿ ಜೊತೆ ಮತ್ತೆ ಕಳಿಸಿ, ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ದಿನ ಎಣಿಸೋದು ಅಲ್ಲಿಂದ.