ಹುಕ್ಕೇರಿಯಲ್ಲಿ ಎಷ್ಟು ಅಕ್ಷರ?

ಗೋಕಾಕ ಅಂದರೆ ಮಂದಿಗೆ ಮೊದಲು ನೆನಪಾಗೋದು ಕರದಂಟು, ಆಮೇಲೆ ಜಲಪಾತ. ನನಗೆ ನೆನಪಾಗೋದು ಕರೆಂಟು. 1887ರಷ್ಟು ಹಿಂದೆಯೇ ಈ ಜಲಪಾತದ ನೀರಿನಿಂದ ವಿದ್ಯುತ್ ತೆಗೆದರು. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇವತ್ತಿಗೂ ಮನೆಮನೆಗೆ ಕರೆಂಟು ಹಂಚುತ್ತದೆ. ಹೊಸ ಯಂತ್ರ ಬಂದಾಗ ಹೆದರದೆ ಕೈ ಹಾಕಿದ ಸೀಮೆ ಇದು. ಹಾಗಾದರೆ ಕಂಪ್ಯೂಟರಿನ ವಿಷಯದಲ್ಲಿ ಏನಾಯ್ತು?

ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ 1996ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1998ರಲ್ಲಿ ಬೆಳಗಾವಿಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಯಿತು. ಡಿಗ್ರಿ ಊರ ಹತ್ತಿರ ಬಂತು ನೋಡ್ರಿ. ಆದರೆ ಪ್ರೋಗ್ರಾಮಿಂಗಿನ ಆಳದ ವಿದ್ಯೆ ಬೇರೊಂದು ದಾರಿ ಹಿಡಿದು ಬೆಳೆಯಿತು. ಅದರ ಜಾಗ ಸಮ್ಮೇಳನ.

2001ರಲ್ಲಿ ಬೆಂಗಳೂರಿನ ಲಿನಕ್ಸ್ ಬಳಗದವರು ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಆರಂಭಿಸಿದರು. 2005ರಲ್ಲಿ ಅದಕ್ಕೆ ‘ಫಾಸ್ ಡಾಟ್ ಇನ್’ ಅಂತ ಹೆಸರಾಯಿತು. ಮೊದಮೊದಲು ಭಾಷಣವೇ ಹೆಚ್ಚು: ಒಬ್ಬರು ಹೇಳೋದು, ನೂರು ಜನ ಕೇಳೋದು. 2008ರಲ್ಲಿ ಸಂಘಟಕರು ‘ವರ್ಕೌಟ್’ಗಳಿಗೆ ಒತ್ತು ಕೊಟ್ಟರು. ಅಂದ್ರ, ಕೂತು ಕೋಡ್ ಬರೀರಿ, ಬರೆದದ್ದನ್ನು ಯೋಜನೆಗೆ ಸೇರಿಸ್ರಿ. ಮರುವರ್ಷ, 2009ರಲ್ಲಿ, ಮೊದಲ ಪೈಕಾನ್ ಇಂಡಿಯಾ ಬೆಂಗಳೂರಿನ ಐಐಎಸ್‌ಸಿಯಲ್ಲಿ ನಡೆಯಿತು. ಮುಂದೆ ಅಲ್ಲಿ ಕಾರ್ಯಾಗಾರಗಳಿಗೇ ಬೇರೆ ದಿನ ಮೀಸಲಾಯಿತು.

ಈ ಬದಲಾವಣೆ ಯಾಕೆ ದೊಡ್ಡದು ಅಂತೀರಾ? ಗರಡಿಮನೆಯಲ್ಲಿ ಉಸ್ತಾದರು ಪಟ್ಟು ವಿವರಿಸಿ ಸುಮ್ಮನಾಗಂಗಿಲ್ಲ, ಮಣ್ಣಿಗೆ ಇಳಿಸ್ತಾರೆ. ಭಾಷಣ ಕೇಳಿದವನಿಗೆ ‘ತಿಳೀತು’ ಅನ್ನಿಸುತ್ತದೆ. ಕೀಲಿಮಣೆ ಮುಂದೆ ಕೂತಾಗಲೇ ಏನು ತಿಳಿದಿಲ್ಲ ಅನ್ನೋದು ಗೊತ್ತಾಗೋದು. ಎರರ್ ಬಂದಾಗ ಪಕ್ಕದಲ್ಲಿ ಬಲ್ಲವರೊಬ್ಬರು ಇರಬೇಕು. ಕಾರ್ಯಾಗಾರದ ಬೆಲೆ ಇರೋದು ಅಲ್ಲೇ.

ಒಂದು ಉದಾಹರಣೆ ಕೊಡ್ತೀನಿ. ನಮ್ಮ ಕಡೆ ಹುಡುಗರಿಗೆ ಪೈಥಾನ್ ಕಲಿಸುವಾಗ ನಾನು ಊರ ಹೆಸರಿಂದಲೇ ಶುರು ಮಾಡ್ತೀನಿ. ‘ಹುಕ್ಕೇರಿ’ಯಲ್ಲಿ ಎಷ್ಟು ಅಕ್ಷರ? ಒಂದನೇ ಇಯತ್ತೆಯ ಕೂಸೂ ಮೂರು ಅಂತದ. ಪೈಥಾನ್ 3 ಮಾತ್ರ ಎಂಟು ಅಂತದ. ಹ, ಉ-ಕಾರ, ಕ, ವಿರಾಮ, ಕ, ಏ-ಕಾರ, ರ, ಇ-ಕಾರ: ಯೂನಿಕೋಡಿನಲ್ಲಿ ಒಂದೊಂದಕ್ಕೂ ಒಂದೊಂದು ಸಂಖ್ಯೆ. ಇದೇ ಹೆಸರನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 24. ಹಳೆಯ ಪೈಥಾನ್ 2ರಲ್ಲಿ ಹೆಸರನ್ನು ಹಾಗೇ ಕೊಟ್ಟರೆ ಈ 24ನ್ನೇ ಉದ್ದ ಅಂತ ಹೇಳುತ್ತಿತ್ತು. ಪೈಥಾನ್ 3 ಬಿಡುಗಡೆಯಾದದ್ದು 2008ರ ಡಿಸೆಂಬರಿನಲ್ಲಿ. ‘ಸರ್, ಮೂರೂ ಉತ್ತರ ಖರೇ ಹೆಂಗ ಆಗ್ತಾವ್ರಿ?’ ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಆಳದ ಪಾಠ ಅಲ್ಲಿಂದ ಶುರು. ಕಣ್ಣಿನ ಲೆಕ್ಕ, ಯೂನಿಕೋಡಿನ ಲೆಕ್ಕ, ಡಿಸ್ಕಿನ ಲೆಕ್ಕ ಬೇರೆಬೇರೆ. ಆಮೇಲೆ ‘ಮೂಡಲಗಿ’ಯನ್ನು ಅವರೇ ಎಣಿಸ್ತಾರೆ: ನಾಲ್ಕು, ಆರು, ಹದಿನೆಂಟು.

ಇಂಗ್ಲಿಷಿನ ಪಾಠದಲ್ಲಿ ಈ ಪ್ರಶ್ನೆ ಹುಟ್ಟೋದೇ ಕಷ್ಟ, ಯಾಕಂದ್ರ ಅಲ್ಲಿ ಮೂರೂ ಲೆಕ್ಕ ಸಾಮಾನ್ಯವಾಗಿ ಒಂದೇ ಬರ್ತದ. ಕನ್ನಡದ ಹುಡುಗನಿಗೆ ಅವನ ಲಿಪಿಯೇ ಒಳ್ಳೆಯ ಪಾಠಪುಸ್ತಕ ಆಗಬಹುದು.

ಗೋಕಾಕ ಹೆಸರಿನ ಚಳವಳಿಯನ್ನು ನಾಡೆಲ್ಲ ಬಲ್ಲದು. ಅದರ ಹಿಂದಿದ್ದ ವರದಿಯ ಸಮಿತಿಗೆ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಆ ಮಾತು ಬೇರೆ. ಅವತ್ತಿನ ಪ್ರಶ್ನೆ ಶಾಲೆಯಲ್ಲಿ ಕನ್ನಡದ ಸ್ಥಾನ ಯಾವುದು ಅನ್ನೋದಾಗಿತ್ತು. ಇವತ್ತು ಅದೇ ಪ್ರಶ್ನೆಯನ್ನು ಕಾರ್ಯಾಗಾರದ ಬಾಗಿಲಲ್ಲಿ ನಿಂತು ಕೇಳಬೇಕಾಗಿದೆ. ಐಐಟಿ ಮುಂಬಯಿಯ ‘ಸ್ಪೋಕನ್ ಟ್ಯುಟೋರಿಯಲ್’ ಕನ್ನಡದಲ್ಲೂ ಪಾಠ ಕೊಟ್ಟಿದೆ, ಒಳ್ಳೆಯ ಕೆಲಸ. ಆದರೆ ವಿಡಿಯೊ ತಿರುಗಿ ಉತ್ತರ ಕೊಡಂಗಿಲ್ಲ.

ಗೋಕಾಕದಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು. ಬಸ್ ಚಾರ್ಜು, ಟಿಕೆಟ್ಟು, ವಸತಿ, ಮೇಲೆ ಇಂಗ್ಲಿಷ್. ಇಷ್ಟು ದಾಟಿ ಹೋಗುವ ಹುಡುಗಿಯರು ಎಷ್ಟು ಮಂದಿ? ಕಲಿಸುವ ಒಬ್ಬರು ಈ ಕಡೆಯ ಬಸ್ ಹತ್ತಿದರೆ ಒಂದೇ ಟಿಕೆಟ್ಟಿನ ಖರ್ಚು, ನಲವತ್ತು ಮಂದಿಗೆ ವಿದ್ಯೆ. ಕರೆಂಟಿಗಂತೂ ನಮ್ಮಲ್ಲಿ ಕೊರತೆಯಿಲ್ಲ, ಬರ್ರಿ.